ರತ್ನಕ್ಕನ ಕೈಮೇಲಿನ ಕಲೆ

ರತ್ನಕ್ಕ, ನಾನು ಸುಳ್ಳು ಹೇಳಿದೆ. ನಾಲ್ಕು ವರ್ಷದ ಹಿಂದೆ ನಿನ್ನ ಕೆಲಸ ಹೋಗಿದ್ದು ನನ್ನ ಆ ಒಂದು ಮಾತಿನಿಂದ.

ಸಿಂಗಟಗೆರೆ ಹತ್ತಿರದ ನಮ್ಮೂರ ಶಾಲೆಯಲ್ಲಿ ನೀನು ಬಿಸಿಯೂಟದ ಮುಖ್ಯ ಅಡುಗೆಯವಳು, ನಾನು ಸಹಾಯಕಿ. ಬಿಪಿ ಮಾತ್ರೆ ಶುರುಮಾಡಿದ ಎರಡು ತಿಂಗಳಿಗೆ ನಿನ್ನ ಮೊಣಕೈವರೆಗೂ ನೇರಳೆ ಬಣ್ಣದ ಕಲೆಗಳೆದ್ದವು. ಕೆರೆದು ಕೆರೆದು ಚರ್ಮ ಕಪ್ಪಾಯಿತು. ಕಡೂರಿನ ಡಾಕ್ಟರ ಬಳಿಗೆ ನಿನ್ನ ಜೊತೆ ಬಂದವಳು ನಾನೇ. ನಿನ್ನ ಪಕ್ಕದ ಸ್ಟೂಲಿನಲ್ಲೇ ಕೂತಿದ್ದೆ.

"ಇದು ಅಂಟೋ ರೋಗ ಅಲ್ಲಮ್ಮ. ನೀವು ತಗೊಳ್ಳೋ ಬಿಪಿ ಮಾತ್ರೆಯಿಂದ ಆಗಿರೋದು. ಬೇರೆ ಬರ್ಕೊಟ್ಟಿದೀನಿ. ಕಲೆ ಹೋಗೋಕೆ ತಿಂಗಳುಗಟ್ಲೆ ಹಿಡಿಯುತ್ತೆ," ಎಂದರು ಡಾಕ್ಟರು. ಚೀಟಿಯಲ್ಲಿ ಬರೆದದ್ದು ಹೊಸ ಮಾತ್ರೆಯ ಹೆಸರು ಮಾತ್ರ.

ನಾವು ವಾಪಸು ಬರುವಷ್ಟರಲ್ಲಿ ಮಕ್ಕಳ ತಾಯಂದಿರು ಶಾಲೆಗೆ ಬಂದು ಕೂತಿದ್ದರು — ಆ ಕೈಯ ಊಟ ನಮ್ಮ ಮಕ್ಕಳಿಗೆ ಬೇಡ ಅಂತ. ಹೆಡ್‌ಮಾಸ್ಟರ ಮುಂದೆ ನೀನು ಹೇಳಿದೆ: "ಮಾತ್ರೆಯಿಂದ ಆಗಿದ್ದು ಸಾರ್, ಡಾಕ್ಟ್ರೇ ಅಂದ್ರು. ಬೇಕಾದ್ರೆ ಇವ್ಳನ್ನ ಕೇಳಿ, ಜೊತೇಲೇ ಇದ್ಲು."

ಎಲ್ಲರೂ ನನ್ನತ್ತ ತಿರುಗಿದರು.

"ನಾನು ಹೊರಗೆ ನಿಂತಿದ್ದೆ ಸಾರ್," ಎಂದೆ.

ಹೆದರಿ ಹಾಗಂದೆ ಅಂತ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಹೆದರಿಕೆ ಅಲ್ಲ, ಅಕ್ಕ. ನಿನ್ನ ಜಾಗ — ಅದು ನನಗೆ ಬೇಕಿತ್ತು. ನೀನು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದೆ, ಸೆರಗಿನಿಂದ ಕೈ ಮುಚ್ಚಿಕೊಂಡು ಹೊರಟುಹೋದೆ. ಮಾರನೇ ದಿನದಿಂದ ಸಾರಿಗೆ ಒಗ್ಗರಣೆ ಹಾಕಿದವಳು ನಾನು.

ಹೋದ ತಿಂಗಳು ಕಡೂರು ಬಸ್‌ಸ್ಟ್ಯಾಂಡಿನಲ್ಲಿ ನೀನೇ ನನ್ನನ್ನು ಕರೆದು ಮಾತಾಡಿಸಿದೆ. ತೋಳು ಮುಂದೆ ಚಾಚಿ, "ನೋಡೇ, ಎಲ್ಲಾ ಹೋಯ್ತು," ಅಂದೆ ನೀನು. "ಮಕ್ಳು ಹೊಟ್ಟೆ ತುಂಬ ಉಣ್ತಾವಾ?" ಅಂತಲೂ ಕೇಳಿದೆ. ಈಗ ಶಿವನಿಯಲ್ಲಿ ಮಗಳ ಮನೆಯಲ್ಲಿದ್ದೀಯಂತೆ. ನಿನಗೆ ಅಂಟುರೋಗ ಎಂಬ ಸುದ್ದಿ ಅಲ್ಲಿಗೂ ಮುಟ್ಟಿದೆ. ಬೀಗರು ಇವತ್ತಿಗೂ ನಿನ್ನ ತಟ್ಟೆ ಲೋಟ ಬೇರೆ ಇಡುತ್ತಾರಂತೆ. ಅದನ್ನು ನೀನು ನಗುತ್ತಲೇ ಹೇಳಿದೆ. ಆಗಲಾದರೂ ನಾನು ನಿಜ ಹೇಳಬೇಕಿತ್ತು. ಬಸ್ಸು ಬಂತು, ಹತ್ತಿಬಿಟ್ಟೆ.

ನಿನ್ನೆ ಶಾಲೆಯಲ್ಲಿ ಎಲ್ಲ ಹೇಳಿದೆ. "ಹಳೇದು ಬಿಡಮ್ಮ," ಅಂದರು ಹೊಸ ಹೆಡ್‌ಮಾಸ್ಟರು. ಅನುಭವಿಸಿದವರು ಅವರಲ್ಲವಲ್ಲ.

ಭಾನುವಾರ ಶಿವನಿಗೆ ಬರುತ್ತೇನೆ, ಅಕ್ಕ. ನಿನ್ನ ಬೀಗರೆದುರು ಕೂತು ನಡೆದದ್ದನ್ನೆಲ್ಲ ಹೇಳುತ್ತೇನೆ. ನೀನು ನನ್ನನ್ನು ಕ್ಷಮಿಸಬೇಡ. ಅವರು ನಂಬಿದರೆ ಸಾಕು.