ಮೂರನೆಯ ಭರಣಿಯ ದ್ರಾಕ್ಷಾಸವ

ನಾನು ಮೊದಲಿನಿಂದಲೂ ಪುಕ್ಕಲು. ಹಲ್ಲಿ ಲೊಚಗುಟ್ಟಿದರೆ ಕೈಯ ಲೋಟ ಬೀಳಿಸುವವಳು. ಅಂಥವಳನ್ನು ಮೂಡುಬಿದಿರೆಯ ವೈದ್ಯರ ಮನೆಗೆ ಮದುವೆ ಮಾಡಿ ಕೊಟ್ಟರು. ಅಲ್ಲಿ ನನಗೆ ಸಿಕ್ಕಿದ್ದು ದ್ರಾಕ್ಷಾಸವದ ರುಚಿ ನೋಡುವ ಕೆಲಸ.

ಒಣದ್ರಾಕ್ಷಿಯ ಕಷಾಯಕ್ಕೆ ಬೆಲ್ಲ, ಧಾತಕಿ ಹೂ ಹಾಕಿ ಭರಣಿಗೆ ತುಂಬಬೇಕು. ಬಾಯಿಗೆ ಬಟ್ಟೆ ಕಟ್ಟಿ ಮಣ್ಣು ಮೆತ್ತಿ ಭತ್ತದ ರಾಶಿಯಲ್ಲಿ ಹೂತಿಡಬೇಕು. ಒಳಗೊಳಗೇ ಹುದುಗು ಬಂದು ಅದು ಮದ್ದಾಗುತ್ತದೆ, ಅಮಲೂ ಆಗುತ್ತದೆ. ಆಗ ನಮ್ಮ ಜಿಲ್ಲೆಯಲ್ಲಿ ಪಾನನಿಷೇಧ. ಸೊಸೆ ಬರಿಹೊಟ್ಟೆಯಲ್ಲಿ ಇಂಥದ್ದನ್ನು ನುಂಗುತ್ತಾಳೆ ಎಂದು ತವರಿನಲ್ಲಿ ಹೇಳುವುದಾದರೂ ಹೇಗೆ? ನಾನು ಹೇಳಲೇ ಇಲ್ಲ.

ಈ ಕೆಲಸ ಮಾವನದ್ದು. ಆದರೆ ನನ್ನ ಮದುವೆಯ ವರ್ಷ ಅವರಿಗೆ ವಿಷಮಜ್ವರ ಬಂದು, ಜ್ವರ ಬಿಟ್ಟಾಗ ಮೂಗು ನಾಲಗೆ ಎರಡೂ ಸತ್ತಿದ್ದವು. ಸಾರೂ ಒಂದೇ, ಪಾಯಸವೂ ಒಂದೇ. ರುಚಿ ತಿಳಿಯದ ವೈದ್ಯರ ಮದ್ದನ್ನು ಯಾರು ಕುಡಿಯುತ್ತಾರೆ? ಅತ್ತೆ ತೀರಿಹೋಗಿದ್ದರು. ಗಂಡ ಬೆಳ್ತಂಗಡಿಯಲ್ಲಿ ಮಾಸ್ತರರು, ಶನಿವಾರ ಬಂದು ಸೋಮವಾರ ಹೋಗುವವರು. ಹಾಗಾಗಿ ಈ ಗುಟ್ಟು ಮಾವನಿಗೂ ನನಗೂ ಮಾತ್ರ ಗೊತ್ತಿತ್ತು.

"ತುದಿಗೆ ಸಿಹಿ, ಬದಿಗೆ ಒಗರು, ಗಂಟಲಿಗೆ ಬಿಸಿ," ಎಂದು ಅವರು ಕಲಿಸಿದರು. "ಉಗುಳಬಾರದು ಮಗಾ. ಹುಳಿ ತಿರುಗಿದ್ದು ಗಂಟಲಿಗೆ ಹೋದ ಮೇಲೆಯೇ ಗೊತ್ತಾಗುವುದು."

ಸುಳ್ಳೇಕೆ, ಕಲಿತ ಮೇಲೆ ನನಗೆ ಸ್ವಲ್ಪ ಜಂಬವೂ ಬಂತು. ಹೊಸ ಆಸವ ಗಂಟಲನ್ನು ಕೆರೆಯುತ್ತದೆ, ಎರಡು ವರ್ಷದ್ದು ಸದ್ದಿಲ್ಲದೆ ಇಳಿಯುತ್ತದೆ. ಘಟ್ಟದ ಬೆಲ್ಲ ಹಾಕಿದ್ದಕ್ಕೆ ಕಡುಸಿಹಿ, ನರಿಕೊಂಬು ಊರಿನ ಹೊಳೆಬದಿಯ ಬೆಲ್ಲ ಹಾಕಿದ್ದಕ್ಕೆ ಚೂರು ಉಪ್ಪು. ವೇಣೂರಿನ ಕಾಡಿನ ಧಾತಕಿ ಹೂವಿಗೆ ಒಗರು ಹೆಚ್ಚು. ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದೆ, ಮಾವ ಭರಣಿಯ ಮೇಲೆ ಸುಣ್ಣದಲ್ಲಿ ಗುರುತು ಹಾಕುತ್ತಿದ್ದರು.

ಮೂರನೆಯ ವರ್ಷ ಭರಣಿ ತೆಗೆದಾಗ ನನಗೆ ಎರಡು ತಿಂಗಳಾಗಿತ್ತು. ಮೂರು ತುಂಬುವವರೆಗೆ ಯಾರಿಗೂ ಹೇಳುವ ಕ್ರಮವಿಲ್ಲ, ಹೇಳಿದರೆ ನಿಲ್ಲುವುದಿಲ್ಲ ಎಂದು ಹೆಂಗಸರ ನಂಬಿಕೆ. ಮಾವನ ಎದುರು ಬಾಯಿ ಬಿಡುವುದಂತೂ ದೂರ. ಮೂರು ಭರಣಿಯ ರುಚಿ ನೋಡಿ ನುಂಗಿದೆ. ಒಂಬತ್ತನೆಯ ದಿನ ಎಲ್ಲ ಹೋಯಿತು. ಅಷ್ಟರಿಂದ ಹಾಗೆ ಆಗುವುದಿಲ್ಲ ಎಂದು ಎಷ್ಟೋ ವರ್ಷಗಳ ನಂತರ ಒಬ್ಬರು ಡಾಕ್ಟರಮ್ಮ ಹೇಳಿದರು. ಆಗ ಹೇಳುವವರು ಇರಲಿಲ್ಲ. ಮಾವ ಏನೂ ಕೇಳದೆ ಮದ್ದು ಅರೆದು ಕೊಟ್ಟರು, ನಾನು ಗೋಡೆಯ ಕಡೆ ತಿರುಗಿ ಕುಡಿದೆ.

ಮರುವರ್ಷ ಭತ್ತದ ರಾಶಿ ಬಗೆಯುವ ಹೊತ್ತಿಗೆ ಮತ್ತೆ ಎರಡು ತಿಂಗಳು. ಹಿಂದಿನ ದಿನವಿಡೀ ಏನು ನೆಪ ಹೇಳಲಿ ಎಂದು ಯೋಚಿಸಿದೆ. ಬೆಳಿಗ್ಗೆ ಮಾವ ಚಮಚ ತೊಳೆದು ಕೈಗೆ ಕೊಟ್ಟರು, ನೀರು ತರಲು ಬಾವಿಕಟ್ಟೆಗೆ ಹೋದರು. ನಾನು ಭರಣಿಗಳನ್ನು ಮೂಸಿ ನೋಡಿದೆ. ಚಮಚವನ್ನು ಅದ್ದಿ ಹಾಗೆಯೇ ಸೆರಗಿಗೆ ಒರೆಸಿದೆ.

"ಹೇಗುಂಟು?" ಎಂದು ಬಂದವರು ಕೇಳಿದರು.

"ಮೂರೂ ಒಳ್ಳೆಯದುಂಟು ಮಾವ."

"ಮೂರನೆಯದು?"

ಅದರಲ್ಲಿ ಏನೋ ಚುರುಕು ವಾಸನೆ ಇತ್ತು. ಹುಳಿಯೋ, ಹೊಸತರ ಘಾಟೋ, ಮೂಗಿಗೆ ತಿಳಿಯಲಿಲ್ಲ. "ಅದೇ ಎಲ್ಲಕ್ಕಿಂತ ಒಳ್ಳೆಯದು," ಎಂದುಬಿಟ್ಟೆ. ಹೆದರಿದವರು ಒಂದು ಮಾತು ಹೆಚ್ಚೇ ಆಡುತ್ತಾರೆ.

ಮರುದಿನ ಬೆಳಿಗ್ಗೆ ಮಾವ ಅದೇ ಭರಣಿಯಿಂದ ಒಂದು ಬಾಟ್ಲಿ ತುಂಬಿಸಿ ಕಾಗದ ಸುತ್ತಿದರು. ವೇಣೂರಿನಲ್ಲಿ ಒಬ್ಬಳು ಬಾಣಂತಿ, ಹದಿನೈದು ದಿನದಿಂದ ಅನ್ನ ಸೇರುವುದಿಲ್ಲ, ಎದ್ದು ಕೂರಲಿಕ್ಕೂ ತ್ರಾಣವಿಲ್ಲವಂತೆ. "ನೀನು ಒಳ್ಳೆಯದು ಅಂದದ್ದನ್ನೇ ಕೊಡ್ತೇನೆ," ಎಂದು ಚೀಲ ಹೆಗಲಿಗೆ ಹಾಕಿಕೊಂಡು ಹೊರಟರು. ಹುಳಿ ತಿರುಗಿದ ಆಸವ ಬಾಣಂತಿಗೆ ವಿಷ ಎಂದು ನನಗೆ ಕಲಿಸಿದವರು ಅವರೇ. ದೋಸೆ ಹೊಯ್ಯಲು ಕೂತೆ, ಎರಡು ದೋಸೆ ಕರಟಿದವು. ಒಲೆಯ ಕಟ್ಟಿಗೆ ಹಿಂದಕ್ಕೆಳೆದು, ಬಾಗಿಲು ಹಾಗೇ ಬಿಟ್ಟು ಬಸ್ಸು ನಿಲ್ಲುವಲ್ಲಿಗೆ ಓಡಿದೆ. ಓಡಬಾರದು ಎಂಬ ಹೆದರಿಕೆ ಒಂದು ಕಡೆ, ಬಸ್ಸು ಹೋದೀತು ಎಂಬ ಹೆದರಿಕೆ ಇನ್ನೊಂದು ಕಡೆ. ಹೊಟ್ಟೆ ಹಿಡಿದುಕೊಂಡೇ ಓಡಿದೆ.

ಮಾವ ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲಿಟ್ಟಿದ್ದರು. ನನ್ನನ್ನು ಕಂಡು ಇಳಿದರು.

"ಅದನ್ನು ಕೊಡಬೇಡಿ ಮಾವ. ನಾನು ರುಚಿ ನೋಡಲಿಲ್ಲ."

"ಯಾಕೆ?"

ಜನರಿದ್ದರು. ನಾನು ತಲೆ ತಗ್ಗಿಸಿ, "ಎರಡು ತಿಂಗಳಾಯಿತು," ಎಂದೆ.

ಅವರು ಬಸ್ಸು ಹೋಗಲು ಬಿಟ್ಟರು. ಬೈಯುತ್ತಾರೆ ಎಂದು ನಾಲ್ಕು ಹೆಜ್ಜೆ ಹಿಂದೆಯೇ ನಡೆದೆ. ಮನೆಗೆ ಬಂದವರೇ ಮೂರೂ ಭರಣಿಗಳನ್ನು ಒಂದೊಂದಾಗಿ ಅಂಗಳಕ್ಕೆ ತಂದು ತೆಂಗಿನ ಬುಡಕ್ಕೆ ಸುರಿದರು. ಅದರಲ್ಲಿ ಒಂದು ನಾಲ್ಕು ವರ್ಷದ್ದು. ಬಾಣಂತಿಗೆ ಬೇರೆ ಕಷಾಯದ ಪುಡಿ ಕಟ್ಟಿ, ಮಧ್ಯಾಹ್ನದ ಬಸ್ಸಿಗೆ ಹೊರಟರು.

ಮೆಟ್ಟಿಲು ಇಳಿಯುವಾಗ ನಿಂತರು. ನನ್ನ ಕಡೆ ನೋಡದೆ ಕೇಳಿದರು.

"ಕಳೆದ ವರ್ಷ ನೀನು ರುಚಿ ನೋಡಿದ್ದು, ನಾನು ಮದ್ದು ಅರೆದು ಕೊಟ್ಟೆನಲ್ಲ, ನಿನಗೆ ಹಾಗೆ ಆಗುವ ಮೊದಲೋ, ಆದ ಮೇಲೆಯೋ?"

ಅವರು ಚೀಲವನ್ನು ಈ ಹೆಗಲಿನಿಂದ ಆ ಹೆಗಲಿಗೆ, ಮತ್ತೆ ಈ ಹೆಗಲಿಗೆ ಹಾಕಿಕೊಂಡರು. ಆ ಮನೆಯಲ್ಲಿ ಹೆದರುವವಳು ನಾನೊಬ್ಬಳೇ ಎಂದು ಅಲ್ಲಿಯವರೆಗೆ ತಿಳಿದಿದ್ದೆ.

"ಆದ ಮೇಲೆ ಮಾವ," ಎಂದೆ. "ಅದಾಗಿ ತಿಂಗಳು ಕಳೆದ ಮೇಲೆ."

"ನಿನಗೆ ಸರಿಯಾಗಿ ನೆನಪುಂಟಾ?"

"ಉಂಟು," ಎಂದೆ.