ಪಂಕ್ತಿ ಕೂರಿಸಿದ ನಾಯಿ

ನಮ್ಮ ಕ್ಯಾಟರಿಂಗ್ ಕೆಲಸದಲ್ಲಿ ಅಡುಗೆಗಿಂತ ಕಷ್ಟ, ಜನರನ್ನು ಮೊದಲ ಪಂಕ್ತಿಗೆ ಕೂರಿಸುವುದು. ಹೊಟ್ಟೆ ಚುರುಗುಟ್ಟುತ್ತಿದ್ದರೂ ಎಲ್ಲರೂ "ನೀವು ಕೂತ್ಕೊಳ್ಳಿ, ನಮ್ದು ಆಮೇಲೆ" ಎನ್ನುತ್ತಾ ನಿಂತಿರುತ್ತಾರೆ. ಬೋಗಾದಿ ಬಡಾವಣೆಯ ಒಂದು ಗೃಹಪ್ರವೇಶದಲ್ಲೂ ಎಲೆ ಹಾಕಿ, ಪಲ್ಯ ಬಡಿಸಿ ಕಾಯುತ್ತಿದ್ದೆ.

ಆ ಮನೆಯಲ್ಲೊಂದು ಬಾರ್ಡರ್ ಕೋಲಿ ಇತ್ತು, ಕುರಿ ಕಾಯುವ ಜಾತಿಯ ನಾಯಿ. ಬೋಗಾದಿಯಲ್ಲಿ ಕುರಿ ಎಲ್ಲಿಂದ ಬರಬೇಕು? ಪಾಪ, ಬೆಳಗ್ಗೆಯಿಂದ ಟೆರೇಸಿನಲ್ಲಿ ಸುತ್ತು ಹೊಡೆಯುತ್ತಿತ್ತು. ಯಾರೋ ಬಾಗಿಲು ತೆಗೆದದ್ದೇ ತಡ, ಕೆಳಗೆ ಬಂದು, ಬೊಗಳದೆ, ಬರೀ ದುರುಗುಟ್ಟಿ ನೋಡುತ್ತಾ ಬೀಗರನ್ನೂ ದೊಡ್ಡಮ್ಮಂದಿರನ್ನೂ ಅಟ್ಟಿಕೊಂಡು ಹೋಗಿ ಎಲೆ ಮುಂದೆ ಕೂರಿಸಿತು. ಒಂದು ಎಲೆಯೂ ಖಾಲಿ ಉಳಿಯಲಿಲ್ಲ.

"ಇದ್ರ ಕಾಟ ತಡೆಯಕ್ಕಾಗಲ್ಲ ಕಣ್ರೀ," ಅಂದರು ಮನೆ ಯಜಮಾನರು. "ಮರಿ ಹಾಕಿಸೋಣ ಅಂದ್ರೆ, ತಗೊಳ್ಳೋರು ಯಾರು?"

"ನಂಗೊಂದು ಇರ್ಲಿ ಸಾರ್," ಅಂದೆ. ಮನಸ್ಸಿನಲ್ಲೇ ಮರಿಗೆ ನಮ್ಮ ಹುಡುಗರ ಯೂನಿಫಾರ್ಮನ್ನೂ ಹೊಲಿಸಿಬಿಟ್ಟೆ.

ಮಜ್ಜಿಗೆ ಮುಗಿಯಿತು. ಬೀಗರು ಕೈ ತೊಳೆಯಲು ಎದ್ದರು. ನಾಯಿ ಎದುರಿಗೆ ಬಂದು ಅದೇ ನೋಟ ನೋಡಿತು. ಬೀಗರು ಮತ್ತೆ ಕೂತರು. ಎರಡನೇ ಪಂಕ್ತಿಯವರು ಬಾಗಿಲಲ್ಲೇ ನಿಂತರು. ಏನೂ ತೋಚದೆ ಬೀಗರು ಇನ್ನೊಂದು ಹೋಳಿಗೆ ಹಾಕಿಸಿಕೊಂಡರು. ಪಕ್ಕದವರೂ ಎಲೆ ತೋರಿಸಿದರು.

ಮರಿ ಬೇಡ ಸಾರ್, ಅಂದೆ. ಏಳದ ಪಂಕ್ತಿಗೆ ಎಷ್ಟು ಹೋಳಿಗೆ ಅಂತ ಬೇಯಿಸಲಿ?