ಗ್ಯಾರೇಜಿನ ಸ್ನಾನ

ಇಂಗ್ಲೆಂಡಿನ ಉತ್ತರದ ಒಂದು ಊರಿನಲ್ಲಿ ಡಾಕ್ಟರೊಬ್ಬ ತನ್ನ ವಯಸ್ಸಾದ ರೋಗಿಗಳನ್ನು ಒಬ್ಬೊಬ್ಬರನ್ನಾಗಿ ಸೂಜಿ ಚುಚ್ಚಿ ಕೊಂದಿದ್ದಾನೆ ಎಂಬ ಸುದ್ದಿ ಟೀವಿಯಲ್ಲಿ ಬಂದಾಗ ನಾನು ಲಂಡನ್ನಿನ ರೇನರ್ಸ್ ಲೇನ್‌ನ ನಮ್ಮ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದೆ. ಅಯ್ಯೋ ಪಾಪ ಎಂದು ಮುಂದಿನ ಉಂಡೆಗೆ ಕೈ ಹಾಕಿದೆ. ಆ ಪಾಪಿಯ ನೆರಳು ನಮ್ಮ ಬಾಗಿಲಿಗೂ ಬರುತ್ತದೆಂದು ಯಾರಿಗೆ ಗೊತ್ತಿತ್ತು?

ನನ್ನ ಗಂಡನೂ ಅವನ ಹಾಗೇ ಜಿಪಿ, ಬಡಾವಣೆಯ ಡಾಕ್ಟರು. ಧಾರವಾಡದವರು, ಒಬ್ಬರೇ ನಡೆಸುತ್ತಿದ್ದ ಸಣ್ಣ ಕ್ಲಿನಿಕ್ಕು. ಸಾಯುವವರು ಕರೆದರೆ ಊಟ ಬಿಟ್ಟು ಎದ್ದು ಹೋಗುವ ಹುಚ್ಚು ಅವರಿಗೆ. ಹಾಸಿಗೆಯ ಪಕ್ಕ ಕೂತು, ನೋವಿಗೆ ಮಾರ್ಫಿನ್ ಕೊಟ್ಟು, ಉಸಿರು ನಿಲ್ಲುವವರೆಗೆ ಕೈ ಹಿಡಿದಿರುತ್ತಿದ್ದರು. ಅಂಥ ದಿನ ನಾನು ಅವರನ್ನು ಮುಂಬಾಗಿಲಿನಿಂದ ಒಳಗೆ ಬಿಡುತ್ತಿರಲಿಲ್ಲ. ಸಾವಿನ ಮನೆಗೆ ಹೋಗಿ ಬಂದವರು ಸ್ನಾನ ಮಾಡದೆ ಹೊಸ್ತಿಲು ದಾಟುವುದೆಂದರೇನು? ಹಿತ್ತಲ ಗ್ಯಾರೇಜಿನಲ್ಲಿ ಬಿಸಿನೀರಿನ ಬಕೆಟ್ಟು ಇಡುತ್ತಿದ್ದೆ. ಸ್ವಲ್ಪ ಹೊತ್ತಿಗೆಲ್ಲ ಅವರ ಶರ್ಟು, ಪ್ಯಾಂಟು ತಂತಿಯ ಮೇಲೆ ನೀರು ಸುರಿಸುತ್ತಿದ್ದವು. ಲಂಡನ್ನಿಗೆ ಬಂದು ಏನೇನೋ ಬಿಟ್ಟೆವು, ಇದೊಂದನ್ನು ಬಿಡಲಿಲ್ಲ.

ಪಕ್ಕದ ಮನೆಯ ಮುದುಕ ಮೇಲಿನ ಕಿಟಕಿಯಿಂದ ಇದನ್ನೆಲ್ಲ ನೋಡುತ್ತಿದ್ದ. ಒಳ್ಳೆಯವನೇ, ಬೇಸಿಗೆಯಲ್ಲಿ ಟೊಮ್ಯಾಟೊ ತಂದುಕೊಡುತ್ತಿದ್ದ. ಅವನ ಹೆಂಡತಿ ಕ್ಯಾನ್ಸರಿನಿಂದ ಸತ್ತಾಗ ಕೊನೆಯ ಸೂಜಿ ಕೊಟ್ಟವರು ನನ್ನ ಗಂಡನೇ. ಆ ಸಂಜೆಯೂ ಶರ್ಟು ತಂತಿಯ ಮೇಲಿತ್ತು. ಆಗ ಅವನಿಗೆ ಏನೂ ಅನ್ನಿಸಿರಲಿಲ್ಲವಂತೆ. ಉತ್ತರದ ಆ ಡಾಕ್ಟರನ ಮುಖ ಟೀವಿಯಲ್ಲಿ ದಿನವೂ ಬರತೊಡಗಿದ ಮೇಲೆ ಅನ್ನಿಸಿತು. ಪೊಲೀಸರಿಗೆ ಫೋನು ಮಾಡಿದ.

ಮಫ್ತಿಯಲ್ಲಿ ಇಬ್ಬರು ಪತ್ತೇದಾರರು ಬಂದರು. ಒಬ್ಬ ನನ್ನ ಗಂಡನನ್ನು ಬೇರೆ ಕೋಣೆಗೆ ಕರೆದೊಯ್ದ. ಇನ್ನೊಬ್ಬಳು, ಮೆತ್ತಗೆ ಮಾತಾಡುವ ಹೆಂಗಸು, ರೋಗಿ ಸತ್ತ ಕೂಡಲೇ ನಿಮ್ಮ ಮನೆಯಲ್ಲಿ ಬಟ್ಟೆ ಒಗೆಯುವುದೇಕೆ ಎಂದು ನನ್ನನ್ನು ಕೇಳಿದಳು. ನನಗೆ ಬರುವ ಇಂಗ್ಲಿಷನ್ನೆಲ್ಲ ಖರ್ಚು ಮಾಡಿ ಮೈಲಿಗೆಯ ವಿಷಯ ಹೇಳಿದೆ. ಹಾಗಾದರೆ ನಿಮ್ಮ ಗಂಡ ಹಿಂದೆ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದಾಗಲೂ ಹೀಗೇ ಹೊರಗೆ ಸ್ನಾನ ಮಾಡಿ ಒಳಗೆ ಬರುತ್ತಿದ್ದರಾ ಎಂದಳು. ಇಲ್ಲ ಎಂದೆ. ಯಾಕಿಲ್ಲ ಎಂದಳು. ಆಸ್ಪತ್ರೆಯ ಸಾವಿಗೆ ಮೈಲಿಗೆಯಿಲ್ಲ ಎಂಬುದು ನಾವೇ ನಮ್ಮ ಅನುಕೂಲಕ್ಕೆ ಮಾಡಿಕೊಂಡ ಶಾಸ್ತ್ರ. ಅದನ್ನು ಪೊಲೀಸರಿಗೆ ಹೇಗೆ ತಿಳಿಸುವುದು?

ತಿಂಗಳುಗಟ್ಟಲೆ ಹಳೆಯ ಸಾವುಗಳನ್ನೆಲ್ಲ ಕೆದಕಿದರು. ಕೊನೆಗೆ ಅದೇ ಹೆಂಗಸು ಬಂದು, ಡಾಕ್ಟರದೇನೂ ತಪ್ಪಿಲ್ಲ ಎಂದು ಹೇಳಿ, ಚಹಾ ಕುಡಿದು ಹೋದಳು. ಪೀಡೆ ತೊಲಗಿತು ಅಂದುಕೊಂಡೆ. ಗಂಡ ಮರುದಿನವೇ ಬ್ಯಾಗಿನಲ್ಲಿದ್ದ ಮಾರ್ಫಿನ್ನನ್ನು ವಾಪಸು ಕೊಟ್ಟು ಬಂದರು. ರೋಗಿಗಳ ಮನೆಗೆ ಹೋಗುವುದನ್ನೂ ಬಿಟ್ಟರು. ನಾನು ಜಗಳ ಆಡಿದೆ, ಅತ್ತುಕರೆದೆ. ಗೋಡೆಗೆ ಹೇಳಿದಂತಾಯಿತು.

ಎರಡು ವರ್ಷದ ಮೇಲೆ ಪಕ್ಕದ ಮನೆಯ ಮುದುಕನಿಗೂ ಅವನ ಹೆಂಡತಿಗಿದ್ದ ಕಾಯಿಲೆಯೇ ಬಂತು. ಒಂದು ಭಾನುವಾರ ಮಧ್ಯಾಹ್ನ ಫೋನು ಮಾಡಿದ. ಸೂಜಿ ಕೊಡುವ ನರ್ಸ್ ಬರುವುದು ತಡವಾಗುತ್ತದಂತೆ, ನೋವು ತಡೆಯಲಾಗುತ್ತಿಲ್ಲ ಎಂದ. ಗಂಡ ನರ್ಸಿಗೆ ಫೋನು ಮಾಡಿ ಬೇಗ ಬಾ ಎಂದರು, ಕೋಟು ಹಾಕಿಕೊಂಡರು, ಆಮೇಲೆ ನನ್ನನ್ನು ಕರೆದರು. ನಾನ್ಯಾಕೆ ಎಂದೆ.

"ಸಾಕ್ಷಿ ಬೇಕಲ್ಲ. ನೀ ಬಾ," ಅಂದರು.

ಮುದುಕ ಹಾಸಿಗೆಯಲ್ಲಿ ಮುದುಡಿಕೊಂಡು ನರಳುತ್ತಿದ್ದ. ನನ್ನ ಗಂಡ ಕುರ್ಚಿಯನ್ನು ಬಾಗಿಲ ಹತ್ತಿರ ಎಳೆದುಕೊಂಡು ಕೂತರು. ನರ್ಸ್ ದಾರಿಯಲ್ಲಿದ್ದಾಳೆ ಎಂದರು. ಅಂದು ತಾನು ಪೊಲೀಸರಿಗೆ ಫೋನು ಮಾಡಿದ್ದು ತಪ್ಪಾಯಿತು ಎಂದು ಅವನು ಹೇಳಿದ. ಸೂಜಿ ಇಲ್ಲದಿದ್ದರೆ ಇಲ್ಲ, ಕೈಯನ್ನಾದರೂ ಹಿಡಿದುಕೊಳ್ಳಿ, ನನ್ನ ಹೆಂಡತಿಯ ಕೈ ಹಿಡಿದಿದ್ದಿರಲ್ಲ ಎಂದು ಕೈ ಚಾಚಿದ. ನನ್ನ ಗಂಡ ಎರಡೂ ಕೈಗಳನ್ನು ಕೋಟಿನ ಜೇಬಿಗೆ ಇಳಿಸಿದರು. ನಾನೇ ಹೋಗಿ ಹಿಡಿದುಕೊಂಡೆ. ಅವನು ನನ್ನನ್ನು ನೋಡಲೂ ಇಲ್ಲ. ನರ್ಸಿನ ಕಾರು ಬರುವ ಮೊದಲೇ ಅವನ ಉಸಿರು ನಿಂತಿತು.

ನಾಡಿ ನೋಡಲೂ ನನ್ನ ಗಂಡ ಏಳಲಿಲ್ಲ. ನನ್ನ ಕಡೆ ತಿರುಗಿದರು.

"ನೀ ನೋಡೀದಿ ಹೌದಿಲ್ಲ? ನಾ ಅವನ್ನ ಮುಟ್ಟಿಲ್ಲ," ಅಂದರು.